ದೀವಟಿಗೆಯ ಗಿಡ ಮಲ್ಲಿನ್

ಒಂದು ನಾಡಿನ ಅಲಂಕಾರ ಇನ್ನೊಂದು ನಾಡಿನ ಕಳೆಯಾಗುವುದು ಸಸ್ಯಲೋಕದಲ್ಲಿ ಅಪರೂಪದ ಸಂಗತಿಯಲ್ಲ. ಕನ್ನಡನಾಡಿನ ಎಷ್ಟೋ ಕೆರೆಗಳನ್ನು ಮುಚ್ಚಿಹಾಕಿರುವ ನೀರು ಹಯಸಿಂತ್ ಒಂದು ಕಾಲಕ್ಕೆ ಕೊಳದ ಶೋಭೆಗಾಗಿ ಹೊರದೇಶದಿಂದ ತರಿಸಿಕೊಂಡ ಹೂಗಿಡ. ಬೇಲಿಯಿಂದ ಬೇಲಿಗೆ ಹಬ್ಬಿ, ಕಾಡಿನ ಹುಲ್ಲನ್ನೆಲ್ಲ ನುಂಗಿರುವ ಲಂಟಾನವೂ ಉದ್ಯಾನದಿಂದ ತಪ್ಪಿಸಿಕೊಂಡು ಹೋದದ್ದೇ. ಹೀಗೆ ತೋಟಕ್ಕೂ ಕಾಡಿಗೂ ನಡುವಣ ಮೇರೆಯಲ್ಲಿ ನಿಂತಿರುವ ಗಿಡಗಳಲ್ಲಿ ಮಲ್ಲಿನ್ ಎಂಬುದೂ ಒಂದು. ಯೂರೋಪಿನ ಉದ್ಯಾನಗಳಲ್ಲಿ ಇದನ್ನು ಆದರದಿಂದ ಬೆಳೆಸುತ್ತಾರೆ; ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ ಇದನ್ನು ಹಾನಿಕರವಾದ ಕಳೆಯೆಂದು ಕಾನೂನಿನ ಪಟ್ಟಿಗೆ ಸೇರಿಸಿದ್ದಾರೆ. ಗಿಡ ಒಂದೇ, ಅದು ನಿಂತ ನೆಲ ಬೇರೆ, ನೋಡಿದ ಕಣ್ಣು ಬೇರೆ.

ಶಾಲೆಯ ತೋಟದಲ್ಲಿ ಹೊಸ ಗಿಡಗಳನ್ನು ಬೆಳೆಸಬೇಕೆಂಬ ಉತ್ಸಾಹ ಈಚೆಗೆ ಹೆಚ್ಚುತ್ತಿದೆ. ಪರದೇಶದ ಹೂಬೀಜಗಳ ಪೊಟ್ಟಣಗಳು ಅಂಚೆಯಲ್ಲಿ ಮನೆಬಾಗಿಲಿಗೆ ಬರುತ್ತಿವೆ. ಮಲ್ಲಿನ್ ಎಲೆ ಕೆಮ್ಮಿಗೆ ದಿವ್ಯೌಷಧವೆಂಬ ಮಾತೂ ಹರಡುತ್ತಿದೆ. ಆದುದರಿಂದ ಈ ಗಿಡದ ಹೆಸರು, ರೂಪ, ನಡೆ ಇವನ್ನು ಉಪಾಧ್ಯಾಯರು ಚೆನ್ನಾಗಿ ಅರಿತು, ಇದನ್ನು ಎಲ್ಲಿ ಬೆಳೆಸಬಹುದು, ಎಲ್ಲಿ ಬೆಳೆಸಬಾರದು ಎಂಬುದನ್ನು ನಿರ್ಣಯಿಸುವುದು ಅಗತ್ಯವಾಗಿದೆ.

ಮೊದಲು ಹೆಸರಿನ ವಿಚಾರ. ಮಲ್ಲಿನ್ ಎಂಬುದು ಇಂಗ್ಲಿಷ್ ಭಾಷೆಯ ಹೆಸರು. ಕಿವಿಗೆ ಮಲ್ಲಿಗೆಯ ನಂಟಿನಂತೆ ಕೇಳಿಸಿದರೂ ಮಲ್ಲಿಗೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹಳೆಯ ಫ್ರೆಂಚಿನ ‘ಮೊಲೇನ್’ ಎಂಬ ಪದದ ಮೂಲಕ ಇದು ಇಂಗ್ಲಿಷಿಗೆ ಬಂದಿದೆಯೆಂದೂ, ಅದರ ಬೇರು ಲ್ಯಾಟಿನ್ನಿನ ‘ಮೊಲ್ಲಿಸ್’, ಎಂದರೆ ಮೆತ್ತಗಿರುವುದು, ಎಂಬ ಶಬ್ದದಲ್ಲಿದೆಯೆಂದೂ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಈ ಮೊಲ್ಲಿಸ್ ಸಂಸ್ಕೃತದ ‘ಮೃದು’ ಶಬ್ದದ ಸೋದರ ಪದ. ಕೈಯಿಂದ ಎಲೆಯನ್ನು ಒಮ್ಮೆ ಸವರಿದವರಿಗೆ ಈ ಹೆಸರಿನ ಔಚಿತ್ಯ ತಾನಾಗಿಯೇ ಗೊತ್ತಾಗುತ್ತದೆ. ಹೊಸದಾಗಿ ನೆಯ್ದ ಎಳೆಗಂಬಳಿಯ ಮೇಲೆ ಕೈಯಿಟ್ಟಂತೆ ಅದರ ಸ್ಪರ್ಶ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ವರ್ಬಾಸ್ಕಮ್ ತಾಪ್ಸಸ್. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹೆಸರನ್ನು ನೆಲೆಗೊಳಿಸಿದನು. ವರ್ಬಾಸ್ಕಮ್ ಎಂಬುದು ‘ಬಾರ್ಬಾಸ್ಕಮ್’ ಎಂಬುದರ ಅಪಭ್ರಂಶ, ಎಂದರೆ ಗಡ್ಡವುಳ್ಳದ್ದು, ಎಂಬ ಊಹೆ ಪ್ರಚಲಿತವಾಗಿದೆ. ತಾಪ್ಸಸ್ ಎಂಬುದು ಮೆಡಿಟರೇನಿಯನ್ ಸಮುದ್ರತೀರದ ಒಂದು ಪ್ರಾಚೀನ ಸ್ಥಳದ ಹೆಸರು.

ಇವೆಲ್ಲಕ್ಕಿಂತ ಸ್ವಾರಸ್ಯವಾದುವು ಜನರ ಬಾಯಿಂದ ಹುಟ್ಟಿದ ಹೆಸರುಗಳು. ಜರ್ಮನರು ಇದನ್ನು ‘ಕೋನಿಗ್ಸ್‌ಕೆರ್ಜೆ’ ಎಂದು ಕರೆಯುತ್ತಾರೆ. ‘ಅರಸನ ಮೇಣದಬತ್ತಿ’ ಎಂದು ಅದರ ಅರ್ಥ. ಇಂಗ್ಲಿಷರ ಹಳ್ಳಿಗಳಲ್ಲಿ ಇದಕ್ಕೆ ಪಂಜಿನ ಗಿಡ, ಬತ್ತಿಯ ಗಿಡ ಎಂಬ ಅರ್ಥದ ಹೆಸರುಗಳಿದ್ದುವು. ಇದು ಕೇವಲ ಕವಿಸಮಯವಲ್ಲ. ಹತ್ತಿ ಬೆಳೆಯದ ಶೀತದೇಶಗಳಲ್ಲಿ ದೀಪಕ್ಕೆ ಬತ್ತಿ ಎಲ್ಲಿಂದ ಬರಬೇಕು? ಮಲ್ಲಿನ್ ಎಲೆಯ ಒಣಗಿದ ತುಪ್ಪಳವನ್ನು ಹೊಸೆದು ಬತ್ತಿ ಮಾಡುತ್ತಿದ್ದರು. ಆಳೆತ್ತರದ ಒಣದಂಟನ್ನು ಕರಗಿದ ಕೊಬ್ಬಿನಲ್ಲಿ ಅದ್ದಿ ಪಂಜು ಮಾಡಿಕೊಂಡು ರಾತ್ರಿಯ ದಾರಿ ಸವೆಸುತ್ತಿದ್ದರು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರೈಡೀಸ್, ಈ ಜಾತಿಯ ಒಂದು ಗಿಡದ ಎಲೆ ದೀಪದ ಬತ್ತಿಗೆ ಬಳಕೆಯಾಗುತ್ತಿತ್ತೆಂದು ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಸಂಸ್ಕೃತದ ‘ವರ್ತಿ’ ಕನ್ನಡದಲ್ಲಿ ಬತ್ತಿಯಾಯಿತು, ‘ದೀಪವರ್ತಿಕಾ’ ದೀವಟಿಗೆಯಾಯಿತು. ಕನ್ನಡದಲ್ಲಿ ಈ ಗಿಡಕ್ಕೆ ರೂಢಿಯ ಹೆಸರಿಲ್ಲ. ಬೇಕೇಬೇಕೆಂದರೆ ‘ದೀವಟಿಗೆಯ ಗಿಡ’ ಎನ್ನುವುದು ರೂಪಕ್ಕೂ ಚರಿತ್ರೆಗೂ ಒಪ್ಪುವ ಮಾತು.

ಹಿಮಾಲಯದ ಜನ ಇಟ್ಟಿರುವ ಹೆಸರು ಬೇರೊಂದು ಬಗೆಯದು. ಅಲ್ಲಿ ಇದಕ್ಕೆ ‘ಗೀದಡ್ ತಮಾಕು’ ಎನ್ನುತ್ತಾರೆ. ಎಂದರೆ ನರಿಯ ಹೊಗೆಸೊಪ್ಪು. ನೋಡಲು ಹೊಗೆಸೊಪ್ಪಿನಂತಿದ್ದು, ಹೊಗೆಸೊಪ್ಪಿನ ಕೆಲಸಕ್ಕೆ ಬಾರದ ಗಿಡವೆಂದು ತಾತ್ಪರ್ಯ. ಈ ಬಗೆಯ ನಾಮಕರಣ ಕನ್ನಡಿಗರಿಗೆ ಹೊಸದಲ್ಲ. ತುಳಸಿಯಂತಿದ್ದು ತುಳಸಿಯಲ್ಲದ್ದು ನಾಯಿತುಳಸಿ. ಸಾಸಿವೆಯಂತಿದ್ದು ಸಾಸಿವೆಯಲ್ಲದ್ದು ನಾಯಿಸಾಸಿವೆ. ಮನುಷ್ಯನಿಗೆ ಒದಗದ್ದನ್ನು ಪ್ರಾಣಿಯ ಪಾಲಿಗೆ ಬರೆದುಬಿಡುವುದು ಜನಪದರ ಪದ್ಧತಿ. ಹಿಮಾಲಯದಲ್ಲೂ ಅದೇ, ಸಹ್ಯಾದ್ರಿಯಲ್ಲೂ ಅದೇ. ಆದರೆ ಇಲ್ಲಿಯೇ ಎಚ್ಚರಿಕೆಯ ಮಾತೊಂದಿದೆ. ಹಿಂದಿಯ ಹೆಸರನ್ನು ಕಂಡು ಇದನ್ನು ‘ಕಾಡುಹೊಗೆಸೊಪ್ಪು’ ಎಂದು ಅನುವಾದಿಸುವುದು ತಪ್ಪು ಮಾತ್ರವಲ್ಲ, ಅಪಾಯ. ಕನ್ನಡದಲ್ಲಿ ಆ ಹೆಸರು ಆಗಲೇ ಪಶ್ಚಿಮಘಟ್ಟದ ಲೊಬೀಲಿಯ ಎಂಬ ಬೇರೊಂದು ಗಿಡಕ್ಕೆ ಸಂದಿದೆ. ಆಳೆತ್ತರ ಬೆಳೆದು ಬಿಳಿಯ ಹೂಗೊಂಚಲು ಬಿಡುವ ಆ ಗಿಡ ವಿಷಯುಕ್ತವಾದುದು. ಹೆಸರಿನ ಪ್ರಮಾದದಿಂದ ಒಂದರ ಎಲೆಯ ಬದಲು ಇನ್ನೊಂದರ ಎಲೆ ಕಷಾಯಕ್ಕೆ ಬಿದ್ದರೆ ಆಗುವ ಅನಾಹುತಕ್ಕೆ ನಿಘಂಟುಕಾರ ಹೊಣೆಯಾಗುವುದಿಲ್ಲ. ಹೆಸರಿಡುವುದು ಸುಲಭ, ಹೆಸರನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಹೊಸ ಪಾರಿಭಾಷಿಕ ಪದಗಳನ್ನು ಟಂಕಿಸುವ ಉತ್ಸಾಹಿಗಳು ಇದನ್ನು ಮರೆಯುತ್ತಾರೆ.

ಇನ್ನು ಗಿಡದ ಸ್ವರೂಪ. ಮಲ್ಲಿನ್ ದ್ವಿವಾರ್ಷಿಕ ಸಸ್ಯ. ಎರಡು ವರ್ಷಗಳಲ್ಲಿ ಇದರ ಜೀವಿತ ಪೂರ್ಣವಾಗುತ್ತದೆ. ಮೊದಲನೆಯ ವರ್ಷ ದಂಟಿಲ್ಲ, ಹೂವಿಲ್ಲ. ನೆಲಕ್ಕೆ ಒರಗಿದಂತೆ ಎಲೆಗಳು ಮಾತ್ರ ಸುತ್ತಲೂ ಚಕ್ರಾಕಾರವಾಗಿ ಹರಡಿಕೊಳ್ಳುತ್ತವೆ. ಒಂದೊಂದು ಎಲೆ ಒಂದು ಮೊಳದವರೆಗೂ ಬೆಳೆಯಬಹುದು. ಎಲೆಯ ಎರಡು ಮೈಯಲ್ಲೂ ಬೂದುಬಿಳುಪಿನ ದಟ್ಟವಾದ ತುಪ್ಪಳ. ಭೂತಗನ್ನಡಿಯಲ್ಲಿ ನೋಡಿದರೆ ಆ ಕೂದಲುಗಳು ಒಂಟಿ ಎಳೆಗಳಲ್ಲ. ಸಣ್ಣ ಮರದಂತೆ ಮೇಲೆ ಮೇಲೆ ಕವಲೊಡೆದ ರಚನೆ ಪ್ರತಿಯೊಂದಕ್ಕೂ ಇದೆ. ಈ ಹೊದಿಕೆ ಬಿಸಿಲಿನ ತಾಪವನ್ನೂ ಒಣಗಾಳಿಯನ್ನೂ ತಡೆದು ಎಲೆಯ ನೀರನ್ನು ಕಾಯುತ್ತದೆ. ಮೇಯುವ ದನಕ್ಕೆ ಬಾಯಿತುಂಬ ಉಣ್ಣೆ ಸಿಕ್ಕಂತಾಗುವುದರಿಂದ ಅದೂ ದೂರ ಸರಿಯುತ್ತದೆ. ಒಂದು ಜಾತಿಯ ಒಂಟಿ ಜೇನುನೊಣ ಮಾತ್ರ ಈ ತುಪ್ಪಳವನ್ನು ಹೆರೆದುಕೊಂಡು ಉಂಡೆಮಾಡಿ ಒಯ್ದು, ತನ್ನ ಗೂಡಿಗೆ ಹಾಸಿಗೆ ಹಾಸುತ್ತದೆ. ಅದಕ್ಕೆ ‘ಉಣ್ಣೆ ಹಿಂಜುವ ಜೇನು’ ಎಂಬ ಅರ್ಥದ ಹೆಸರೇ ಬಂದಿದೆ. ಇಷ್ಟು ಕಾವಲಿದ್ದರೂ ಒಂದು ಬಗೆಯ ಪತಂಗದ ಮರಿಹುಳು ಈ ಎಲೆಯನ್ನೇ ತಿಂದು ಬದುಕುತ್ತದೆ. ಬಿಳಿಯ ಮೈಮೇಲೆ ಹಳದಿ ಕಪ್ಪು ಚುಕ್ಕೆಗಳುಳ್ಳ ಆ ಹುಳುವನ್ನು ಯೂರೋಪಿನ ತೋಟಗಾರರು ಕೈಯಿಂದಲೇ ಆರಿಸಿ ತೆಗೆಯುತ್ತಾರೆ.

ಎರಡನೆಯ ವರ್ಷ ಎಲೆಚಕ್ರದ ನಟ್ಟನಡುವಿನಿಂದ ಒಂದೇ ದಂಟು ನೇರವಾಗಿ ಮೇಲೇಳುತ್ತದೆ. ಆರು ಅಡಿ ಸಾಮಾನ್ಯ; ಒಳ್ಳೆಯ ನೆಲದಲ್ಲಿ ಅದಕ್ಕೂ ಮಿಗಿಲು. ಎಲೆಗಳು ದಂಟಿನ ಮೇಲೆ ಏರುತ್ತ ಏರುತ್ತ ಚಿಕ್ಕದಾಗುತ್ತವೆ. ಪ್ರತಿಯೊಂದು ಎಲೆಯ ಬುಡವೂ ದಂಟಿಗೆ ಅಂಟಿಕೊಂಡು ಕೆಳಕ್ಕೆ ಇಳಿದಿರುವುದರಿಂದ, ಎಲೆಯ ಮೇಲೆ ಬಿದ್ದ ಮಳೆಹನಿ ದಂಟಿನ ಗುಂಟ ಬುಡಕ್ಕೇ ಸೇರುತ್ತದೆ. ದಂಟಿನ ತುದಿಯಲ್ಲಿ ಜೋಳದ ತೆನೆಗಿಂತಲೂ ಉದ್ದವಾದ ಹೂದೆನೆ. ಹೂವು ಹಳದಿ, ಐದು ದಳ, ಒಂದು ಅಂಗುಲಕ್ಕಿಂತ ಹಿರಿದಲ್ಲ. ಕೇಸರಗಳು ಐದು, ಮೇಲಣ ಮೂರಕ್ಕೆ ದಟ್ಟವಾದ ರೋಮ, ಕೆಳಗಣ ಎರಡು ಉದ್ದವಾಗಿ ಬಹುಮಟ್ಟಿಗೆ ಬೋಳು. ತೆನೆಯ ಹೂಗಳೆಲ್ಲ ಒಮ್ಮೆಗೇ ಅರಳುವುದಿಲ್ಲ. ಇಂದು ಕೆಲವು, ನಾಳೆ ಕೆಲವು ಎಂಬಂತೆ ಬುಡದಿಂದ ತುದಿಯ ಕಡೆಗೆ ಸುತ್ತುಸುತ್ತಾಗಿ ಅರಳುತ್ತ ಹೋಗುತ್ತವೆ. ಒಂದೊಂದು ಹೂವಿನ ಆಯುಸ್ಸು ಒಂದೇ ದಿನ. ನಸುಕಿನಲ್ಲಿ ಬಿರಿದು, ಬಿಸಿಲೇರಿದಂತೆ ಮುದುಡಿ, ಬಹಳವಾದರೆ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಅಷ್ಟರಲ್ಲಿ ದುಂಬಿ ಜೇನುಗಳು ಬಂದು ಪರಾಗವನ್ನು ತಂದರೆ ಸರಿ. ಬಾರದಿದ್ದರೆ, ಮುದುಡುವ ಹೊತ್ತಿನಲ್ಲಿ ಹೂವು ತನ್ನ ಪರಾಗವನ್ನು ತಾನೇ ಸ್ವೀಕರಿಸಿ ಕಾಯಿ ಕಟ್ಟುತ್ತದೆ. ಇಂಗ್ಲೆಂಡಿನ ಪ್ರಸಿದ್ಧ ಉದ್ಯಾನಶಿಲ್ಪಿ ಗರ್ಟ್ರೂಡ್ ಜೀಕಿಲ್ ಸರ್ರೆ ಪ್ರಾಂತದ ಮನ್ಸ್ಟೆಡ್ ವುಡ್ ಎಂಬ ತನ್ನ ತೋಟದಲ್ಲಿ ಮಲ್ಲಿನ್ ಜಾತಿಯ ಗಿಡಗಳನ್ನು ಬೆಳೆಸುತ್ತಿದ್ದಳು. ಈ ಗಿಡದ ಸೊಬಗನ್ನು ಕಾಣಬಯಸುವವರು ಮುಂಜಾನೆಯಲ್ಲಿ, ಇಲ್ಲವೆ ಮೋಡ ಕವಿದ ದಿನದಲ್ಲಿ ತೋಟಕ್ಕೆ ಹೋಗಬೇಕು. ನಡುಹಗಲಲ್ಲಿ ನೋಡಿದವರು ಇದರಲ್ಲೇನು ಚೆಲುವಿದೆ ಎಂದು ಕೇಳುವುದು ಸಹಜ.

ಈ ಕುಲದಲ್ಲಿ ಮುನ್ನೂರಕ್ಕೂ ಮಿಕ್ಕ ಜಾತಿಗಳಿವೆ. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ತುರ್ಕಿ ದೇಶವೊಂದರಲ್ಲಿಯೇ ದೊರೆಯುತ್ತವೆ. ದೀವಟಿಗೆಯ ಗಿಡ ಯೂರೋಪು, ಉತ್ತರ ಆಫ್ರಿಕ, ಏಷ್ಯ ಖಂಡಗಳ ಮೂಲನಿವಾಸಿ. ಭಾರತದಲ್ಲಿ ಇದರ ನೆಲೆ ಹಿಮಾಲಯ. ಕಾಶ್ಮೀರದಿಂದ ಭೂತಾನಿನವರೆಗೆ, ಸುಮಾರು 1800 ಮೀಟರ್ ಎತ್ತರದಿಂದ ಮೇಲಕ್ಕೆ, ಕಲ್ಲುಗುಡ್ಡದ ಇಳಿಜಾರಿನಲ್ಲಿ, ಬೀಳುಬಿದ್ದ ಹೊಲದಲ್ಲಿ, ರಸ್ತೆ ಕಡಿದ ಮಣ್ಣಿನ ಅಂಚಿನಲ್ಲಿ ಇದು ತಾನಾಗಿ ಎದ್ದು ನಿಲ್ಲುತ್ತದೆ. ಸಿಮ್ಲಾ, ಕುಲೂ ಕಣಿವೆಗಳ ಕಡೆಗೆ ಯಾತ್ರೆ ಹೋದವರು ಇದರ ಹೆಸರು ತಿಳಿಯದೆ ನೋಡಿಯೇ ಬಂದಿರುತ್ತಾರೆ.

ಬೆಳೆಸುವ ಕ್ರಮ ಸರಳವಾದುದು. ಆದರೆ ಸಾಮಾನ್ಯ ತೋಟಗಾರಿಕೆಯ ಪಾಠಕ್ಕೆ ಕೆಲವು ಕಡೆ ತಿರುಗುಮುರುಗಾದುದು. ಮಲ್ಲಿನ್ ಬೀಜ ಒಂದು ಮಿಲಿಮೀಟರಿಗಿಂತಲೂ ಸಣ್ಣದು. ರಾಗಿಯ ಕಾಳು ಇದರ ಮುಂದೆ ದೈತ್ಯ. ಇದನ್ನು ಮಣ್ಣಿನಲ್ಲಿ ಹೂಳಬಾರದು. ಮೊಳೆಯಲು ಇದಕ್ಕೆ ಬೆಳಕು ಬೇಕು. ಸಸಿಮಡಿಯ ಮಣ್ಣನ್ನು ಹದಮಾಡಿ, ನೀರು ಚಿಮುಕಿಸಿ, ಬೀಜವನ್ನು ನಯವಾದ ಮರಳಿನೊಡನೆ ಬೆರೆಸಿ ಮೇಲ್ಮೈಗೆ ಉದುರಿಸಿ, ಅಂಗೈಯಿಂದ ಮೆಲ್ಲನೆ ಅದುಮಿದರೆ ಸಾಕು. ಹಿಮ ಕರಗಿ ನೆಲ ಬೆಚ್ಚಗಾದ ಮೇಲೆ, ವಸಂತದ ಕೊನೆಯಲ್ಲಿ, ಬಿತ್ತುವುದು ಶೀತಪ್ರದೇಶದ ವಾಡಿಕೆ. ಹದವಾದ ಬೆಚ್ಚನೆಯಲ್ಲಿ ಎರಡು ವಾರದೊಳಗೆ ಮೊಳಕೆ ಕಾಣುತ್ತದೆ. ಇದರ ತಾಯಿಬೇರು ಬೇಗನೆ ಆಳಕ್ಕಿಳಿಯುವುದರಿಂದ, ನಾಲ್ಕಾರು ಎಲೆಯ ಎಳೆ ಸಸಿಯಾಗಿರುವಾಗಲೇ ಕಿತ್ತು ನೆಡಬೇಕು. ಬಲಿತ ಮೇಲೆ ಕೀಳಹೋದರೆ ಬೇರು ತುಂಡಾಗಿ ಗಿಡ ಸೊರಗುತ್ತದೆ. ಎಲೆಗಳು ಅಗಲವಾಗಿ ಹಬ್ಬುವುದರಿಂದ ಗಿಡದಿಂದ ಗಿಡಕ್ಕೆ ಒಂದೂವರೆ ಎರಡು ಅಡಿ ಅಂತರ ಬೇಕು.

ದಿನವೆಲ್ಲ ಬಿಸಿಲು ಬೀಳುವ, ನೀರು ನಿಲ್ಲದ, ಜಲ್ಲಿಮಿಶ್ರಿತವಾದ ಬಡನೆಲ ಇದಕ್ಕೆ ಪ್ರಿಯ. ಸುಣ್ಣದ ಅಂಶವಿರುವ ಮಣ್ಣಾದರೆ ಇನ್ನೂ ಒಳ್ಳೆಯದು. ಗಿಡವನ್ನು ಪ್ರೀತಿಸುವವರು ಮಾಡುವ ಮೊದಲ ತಪ್ಪೆಂದರೆ ಗೊಬ್ಬರ ಸುರಿಯುವುದು. ಕೊಬ್ಬಿದ ನೆಲದಲ್ಲಿ ಬೆಳೆದ ಮಲ್ಲಿನ್ ದಂಟು ಸಡಿಲವಾಗಿ, ಗಾಳಿಗೆ ಒರಗಿ, ಊರೆಗೋಲನ್ನು ಬೇಡುತ್ತದೆ; ಕಲ್ಲುನೆಲದಲ್ಲಿ ಬೆಳೆದದ್ದು ಕಂಬದಂತೆ ನಿಲ್ಲುತ್ತದೆ. ಎರಡನೆಯ ತಪ್ಪು ನೀರು ಕಟ್ಟುವುದು. ಎಲೆಚಕ್ರದ ನಡುವೆ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ. ಬೇರೂರಿದ ಮೇಲೆ ಇದಕ್ಕೆ ಆರೈಕೆ ಎಷ್ಟು ಕಡಮೆಯೋ ಅಷ್ಟು ಹಿತ.

ಹೂ ಬಿಡಲು ಇದಕ್ಕೆ ಒಂದು ನಿಬಂಧನೆಯಿದೆ; ಇದು ಕನ್ನಡನಾಡಿನ ತೋಟಗಾರರು ಮುಖ್ಯವಾಗಿ ತಿಳಿಯಬೇಕಾದ ಅಂಶ. ಎಲೆಚಕ್ರ ತಕ್ಕಷ್ಟು ಬಲಿತಿರಬೇಕು, ಆ ಬಳಿಕ ಅದರ ಮೇಲೆ ಒಂದು ದೀರ್ಘವಾದ ಚಳಿಗಾಲ ಹಾದುಹೋಗಬೇಕು. ಶೀತಸಂಸ್ಕಾರವಿಲ್ಲದೆ ದಂಟು ಏಳುವುದಿಲ್ಲ. ಬಡನೆಲದಲ್ಲಿ ಬಲಿಯುವುದು ತಡವಾದರೆ ಗಿಡ ಎರಡನೆಯ ವರ್ಷವೂ ಕಾದು, ಮೂರನೆಯ ನಾಲ್ಕನೆಯ ವರ್ಷದಲ್ಲಿ ಹೂಬಿಡುವುದುಂಟು. ಬಯಲುಸೀಮೆಯ ಚಳಿ ಮನುಷ್ಯರಿಗೆ ಕಂಬಳಿ ಹೊದಿಸುವಷ್ಟಿದ್ದರೂ ಈ ಗಿಡದ ಲೆಕ್ಕಕ್ಕೆ ಅದು ಚಳಿಯಲ್ಲ. ಇಲ್ಲಿ ಬಿತ್ತಿದ ಬೀಜ ಮೊಳೆಯಬಹುದು, ಎಲೆ ಹರಡಬಹುದು. ಆದರೆ ಪೊಟ್ಟಣದ ಮೇಲಣ ಚಿತ್ರದಲ್ಲಿ ಕಂಡ ಹೊಂಬಣ್ಣದ ತೆನೆಗಾಗಿ ಕಾಯುವ ಮಕ್ಕಳಿಗೆ ನಿರಾಶೆ ತಪ್ಪದು. ಮೇಲಾಗಿ ಮುಂಗಾರಿನ ಎಡೆಬಿಡದ ತೇವದಲ್ಲಿ ಆ ತುಪ್ಪಳದ ಎಲೆ ಕೊಳೆಯದೆ ಉಳಿಯುವುದೇ ಕಷ್ಟ. ಬೀಜದ ವ್ಯಾಪಾರಿಗಳು ಪೊಟ್ಟಣದ ಮೇಲೆ ಇದನ್ನು ಮುದ್ರಿಸುವ ಗೋಜಿಗೆ ಹೋಗುವುದಿಲ್ಲ.

ಹೂಬಿಡುವಷ್ಟು ಚಳಿಯಿರುವ ಎಡೆಯಲ್ಲಿಯೂ ವಿವೇಕ ಬೇಕು. ಒಂದೇ ಗಿಡ ಲಕ್ಷದಿಂದ ಲಕ್ಷದ ಎಂಬತ್ತು ಸಾವಿರದವರೆಗೆ ಬೀಜ ಕೊಡಬಲ್ಲುದೆಂದು ಎಣಿಸಿದವರಿದ್ದಾರೆ. ಬೀಜಕ್ಕೆ ರೆಕ್ಕೆಯಿಲ್ಲ, ಮುಳ್ಳಿಲ್ಲ. ತಾಯಿಗಿಡದ ಸುತ್ತ ಕೆಲವು ಮಾರು ದೂರದೊಳಗೆ ಬಹುಪಾಲು ಉದುರುತ್ತದೆ. ಆದರೂ ಮನುಷ್ಯನ ಕೈಸೇರಿ ಇದು ಸಮುದ್ರವನ್ನು ದಾಟಿತು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ವರ್ಜೀನಿಯಕ್ಕೆ ವಲಸೆಗಾರರು ಇದನ್ನು ಒಯ್ದರು. ಕನ್ನಡನಾಡಿನ ಮಲೆನಾಡಿನಲ್ಲಿ ಕಾರೆಕಾಯಿಯನ್ನು ಜಜ್ಜಿ ನೀರಿಗೆ ಹಾಕಿ ಮೀನನ್ನು ಮಂಪರುಗೊಳಿಸಿ ಹಿಡಿಯುವಂತೆ, ಇದರ ಬೀಜವನ್ನು ಅವರು ಅದೇ ಉಪಾಯಕ್ಕೆ ಬಳಸುತ್ತಿದ್ದರು. 1839ರ ಹೊತ್ತಿಗೆ ಗಿಡ ಮಿಷಿಗನ್ ತಲಪಿತ್ತು. 1876ರ ಹೊತ್ತಿಗೆ ಪೆಸಿಫಿಕ್ ಸಾಗರದ ದಡದಲ್ಲಿತ್ತು. ಹವಾಯಿ ದ್ವೀಪದ ಅಗ್ನಿಪರ್ವತಗಳ ತಂಪಾದ ಎತ್ತರದಲ್ಲಿ, ಬೇರೆ ಗಿಡಗಳು ವಿರಳವಾಗಿರುವ ಲಾವಾ ನೆಲದಲ್ಲಿ, ಇದು ತಳವೂರಿ ಅಲ್ಲಿನ ಮೂಲಸಸ್ಯಗಳಿಗೆ ಕಂಟಕವಾಗಿದೆ. ಆದುದರಿಂದ ತೋಟಗಾರರು ಹೂದೆನೆ ಕಂದುಬಣ್ಣಕ್ಕೆ ತಿರುಗುವ ಮೊದಲೇ ಕತ್ತರಿಸಬೇಕು, ಬೀಜಕ್ಕೆಂದು ಒಂದೇ ಒಂದು ದಂಟನ್ನು ಉಳಿಸಿಕೊಂಡರೆ ಸಾಲದೆ ಇರದು. ಶಾಲೆಯ ತೋಟದ ಬೇಲಿಯಾಚೆ ಹೊಲವಿದ್ದರಂತೂ ಹೇಳಬೇಕಾದುದೇ ಇಲ್ಲ.

ಔಷಧದ ವಿಷಯದಲ್ಲಿ ಮಾತು ಮಿತವಾಗಿರುವುದೇ ಲೇಸು. ಶ್ವಾಸಕೋಶದ ಬೇನೆಗೆ ಇದರ ಎಲೆಯನ್ನೂ ಹೂವನ್ನೂ ಬಳಸುವ ಪದ್ಧತಿ ಯೂರೋಪಿನಲ್ಲಿ ಡಯಾಸ್ಕೊರೈಡೀಸನ ಕಾಲದಿಂದ ಬಂದಿದೆ. ಹೂವನ್ನು ಎಣ್ಣೆಯಲ್ಲಿ ನೆನೆಸಿ ಕಿವಿನೋವಿಗೆ ಹಾಕುವ ರೂಢಿಯೂ ಇತ್ತು. ಬಹುಕಾಲದ ರೂಢಿಯೆಂಬುದು ಪರೀಕ್ಷೆಗೆ ಕಾರಣವಾಗಬೇಕೇ ಹೊರತು ಪರೀಕ್ಷೆಯ ಬದಲಾಗಬಾರದು. ಎಲೆಯ ಸೂಕ್ಷ್ಮರೋಮಗಳು ಗಂಟಲನ್ನೂ ಚರ್ಮವನ್ನೂ ಕೆರಳಿಸುತ್ತವೆ; ಬೀಜ ಮೀನನ್ನು ಮಂಪರುಗೊಳಿಸುವಂಥದು ಎಂಬುದನ್ನು ಆಗಲೇ ಹೇಳಿದೆ. ಇನ್ನೂ ದೊಡ್ಡ ಗಂಡಾಂತರ ಬೇರೆಯಿದೆ. ಬೆಟ್ಟದ ತೋಟಗಳಲ್ಲಿ ಬೆಳೆಸುವ ಫಾಕ್ಸ್‌ಗ್ಲವ್ ಅಥವಾ ಡಿಜಿಟಾಲಿಸ್ ಗಿಡವೂ ಮೊದಲ ವರ್ಷ ಹೀಗೆಯೇ ಎಲೆಚಕ್ರವಾಗಿ ಕುಳಿತಿರುತ್ತದೆ. ಹೃದ್ರೋಗದ ಔಷಧಕ್ಕೆ ಮೂಲವಾದ ಆ ಎಲೆ ತಪ್ಪಿ ಹೊಟ್ಟೆಗೆ ಹೋದರೆ ಪ್ರಾಣಾಪಾಯ. ಡಿಜಿಟಾಲಿಸ್ ಎಲೆಯ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ, ತೊಟ್ಟು ಸ್ಪಷ್ಟವಾಗಿರುತ್ತದೆ, ರೋಮ ಅಷ್ಟು ದಟ್ಟವಲ್ಲ; ಮಲ್ಲಿನ್ ಎಲೆಯ ಎರಡು ಮೈಯೂ ಕಂಬಳಿ. ಈ ಭೇದವನ್ನು ಚಿತ್ರಪಟದಲ್ಲಿ ಬರೆದು ತರಗತಿಯ ಗೋಡೆಗೆ ತೂಗುಹಾಕುವುದು ಉಚಿತ.

ಹಾಗಾದರೆ ಕನ್ನಡನಾಡಿನ ಶಾಲೆಗಳು ಈ ಕುಲದ ಗಿಡವನ್ನು ಕಾಣುವ ಬಗೆಯೇ ಇಲ್ಲವೆ? ಇದೆ, ಅದಕ್ಕಾಗಿ ಪೊಟ್ಟಣ ತರಿಸಬೇಕಾಗಿಲ್ಲ. ವರ್ಬಾಸ್ಕಮ್ ಚೈನೆನ್ಸೆ ಎಂಬ ಈ ಮನೆತನದ ಸಣ್ಣ ಗಿಡವೊಂದು ದಕ್ಷಿಣ ಭಾರತದ ಗದ್ದೆಯ ಬದುಗಳಲ್ಲಿ, ಹೊಳೆಯ ದಂಡೆಯಲ್ಲಿ, ನೀರಿಳಿದ ಕೆರೆಯಂಗಳದಲ್ಲಿ ತಾನಾಗಿ ಬೆಳೆಯುತ್ತದೆ. ಎರಡು ಮೂರು ಅಡಿಯ ಗಿಡ. ಬುಡದ ಎಲೆಗಳು ಸೀಳುಸೀಳಾದ ಅಂಚಿನವು. ಚಳಿಗಾಲದ ವೇಳೆಗೆ ಹಳದಿ ಹೂಗಳು ಬಿಡಿಬಿಡಿಯಾಗಿ ಉದ್ದನೆಯ ಕಡ್ಡಿಯ ಮೇಲೆ ಅರಳುತ್ತವೆ. ಹೂವಿನೊಳಗೆ ಕೇಸರದ ಕಾಲಿಗೆ ನೇರಳೆ ಬಣ್ಣದ ರೋಮ. ಇದೇ ಅದರ ಕುಲಚಿಹ್ನೆ. ಇದನ್ನು ಹಿಂದೆ ಸೆಲ್ಸಿಯ ಕೋರಮಾಂಡೆಲಿಯಾನ ಎಂದು ಕರೆಯುತ್ತಿದ್ದರು. ಲಿನೇಯಸನಿಗೆ ಆಶ್ರಯವಿತ್ತ ಓಲೋಫ್ ಸೆಲ್ಸಿಯಸನ ಹೆಸರು, ಚೋಳಮಂಡಲ ತೀರದ ಹೆಸರು ಎರಡೂ ಅದರಲ್ಲಿ ಕೂಡಿದ್ದುವು. ಮಲ್ಲಿನ್ ಹೂವಿಗೆ ಐದು ಕೇಸರ, ಇದಕ್ಕೆ ನಾಲ್ಕೇ. ಆ ಒಂದು ಕೇಸರದ ಕೊರತೆಗಾಗಿ ಇದನ್ನು ಬೇರೆ ಕುಲವೆಂದು ಬಹುಕಾಲ ದೂರವಿಟ್ಟಿದ್ದರು. ಬಳಿಕ ಅಷ್ಟು ಮಾತ್ರದ ಭೇದ ಕುಲವನ್ನು ಒಡೆಯಲು ಸಾಲದೆಂದು ತೀರ್ಮಾನವಾಗಿ ಎರಡೂ ಒಂದಾದುವು. ಈಗಿನ ಹೆಸರನ್ನು ಸ್ಥಿರಪಡಿಸಿದವರು ಬೊಂಬಾಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಬೋಧಿಸಿ, ಮುಂದೆ ಭಾರತೀಯ ಸಸ್ಯ ಸರ್ವೇಕ್ಷಣದ ನೇತೃತ್ವ ವಹಿಸಿದ ಫಾದರ್ ಸಾಂತಾಪೌ. ಒಂದು ಹೂವನ್ನು ಅಂಗೈಯಲ್ಲಿಟ್ಟುಕೊಂಡು ಕೇಸರ ಎಣಿಸುವ ಈ ಪಾಠಕ್ಕೆ ಪ್ರಯೋಗಾಲಯ ಬೇಡ. ಊರಾಚೆಯ ಕೆರೆಯ ಏರಿಯವರೆಗೆ ಮಕ್ಕಳನ್ನು ಕರೆದೊಯ್ಯುವ ಮನಸ್ಸಿದ್ದರೆ ಸಾಕು.

ಮಲ್ಲಿನ್ ಕುಲದ ಕಥೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಸಂಬಂಧಪಟ್ಟ ಒಂದು ಅಧ್ಯಾಯ ಉಳಿದಿದೆ. ಅದು ಬೀಜದ್ದು. ಅಮೆರಿಕದ ಮಿಷಿಗನ್ ಕೃಷಿ ಕಾಲೇಜಿನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯಶಾಸ್ತ್ರದ ಅಧ್ಯಾಪಕರಿದ್ದರು. ಎಷ್ಟು ವರ್ಷ ಕಳೆ ಕಿತ್ತರೆ ಹೊಲ ಶುದ್ಧವಾದೀತು ಎಂಬುದು ರೈತರ ಪ್ರಶ್ನೆ. ಮಣ್ಣಿನೊಳಗೆ ಸೇರಿದ ಕಳೆಬೀಜ ಎಷ್ಟು ಕಾಲ ಜೀವ ಹಿಡಿದಿರುತ್ತದೆ ಎಂಬುದು ತಿಳಿದ ಹೊರತು ಅದಕ್ಕೆ ಉತ್ತರವಿಲ್ಲ. 1879ರ ಶರತ್ಕಾಲದಲ್ಲಿ ಅವರು ಇಪ್ಪತ್ತು ಗಾಜಿನ ಸೀಸೆಗಳನ್ನು ತೆಗೆದುಕೊಂಡರು. ಇಪ್ಪತ್ತಕ್ಕೂ ಹೆಚ್ಚು ಬಗೆಯ ಗಿಡಗಳ ಬೀಜವನ್ನು, ಬಗೆಗೆ ಐವತ್ತರಂತೆ ಎಣಿಸಿ, ತೇವದ ಮರಳಿನೊಡನೆ ಬೆರೆಸಿ ಪ್ರತಿಯೊಂದು ಸೀಸೆಗೂ ತುಂಬಿದರು. ಬಿರಡೆ ಹಾಕಲಿಲ್ಲ, ಒಳಗೆ ನೀರು ನಿಲ್ಲದಂತೆ ಬಾಯಿಯನ್ನು ಕೆಳಕ್ಕೆ ಓರೆಯಾಗಿಟ್ಟು ಕಾಲೇಜಿನ ಆವರಣದಲ್ಲಿ ಹೂಳಿದರು. ಐದು ವರ್ಷಕ್ಕೊಮ್ಮೆ ಒಂದು ಸೀಸೆಯನ್ನು ತೆಗೆದು ಬೀಜವನ್ನು ಬಿತ್ತಿ ನೋಡುವುದೆಂದು ಯೋಜನೆ. ಒಟ್ಟು ನೂರು ವರ್ಷದ ಕೆಲಸ. ಆಗ ಅವರ ವಯಸ್ಸು ನಲವತ್ತಾರು.

ಬೀಲ್ 1910ರಲ್ಲಿ ನಿವೃತ್ತರಾದರು, 1924ರಲ್ಲಿ ತೀರಿಕೊಂಡರು. ಸೀಸೆಗಳ ಉಸ್ತುವಾರಿ ಡಾರ್ಲಿಂಗ್‌ಟನ್ ಎಂಬವರಿಗೆ ಬಂದಿತು, ಮುಂದೆ ಬಂಡುರ್ಸ್ಕಿ, ಝೀವಾರ್ಟ್, ತೆಲೆವ್ಸ್ಕಿ ಎಂಬ ಅಧ್ಯಾಪಕರಿಗೆ ಬಂದಿತು. ಬೀಜಗಳು ನಿರೀಕ್ಷೆಗಿಂತ ದೀರ್ಘಾಯುಗಳೆಂದು ಕಂಡುಬಂದುದರಿಂದ 1920ರಿಂದ ಹತ್ತು ವರ್ಷಕ್ಕೊಮ್ಮೆ, 1980ರ ಬಳಿಕ ಇಪ್ಪತ್ತು ವರ್ಷಕ್ಕೊಮ್ಮೆ ತೆರೆಯುವ ಕ್ರಮವನ್ನು ಹಾಕಿಕೊಂಡರು. ನೂರು ವರ್ಷದ ಯೋಜನೆ ಇನ್ನೂರಿಪ್ಪತ್ತೊಂದು ವರ್ಷಕ್ಕೆ ಬೆಳೆಯಿತು. ಸೀಸೆಗಳಿರುವ ಜಾಗದ ಮೇಲೆ ಫಲಕವಿಲ್ಲ. ಕಾಲೇಜು ಬೆಳೆದು ವಿಶ್ವವಿದ್ಯಾನಿಲಯವಾಯಿತು, ಸುತ್ತಲೂ ಕಟ್ಟಡಗಳು ಎದ್ದುವು. ಒಂದು ನಕ್ಷೆ ಮಾತ್ರ ಒಬ್ಬ ಅಧ್ಯಾಪಕರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಬಂದಿತು.

ವರ್ಷಗಳು ಕಳೆದಂತೆ ಒಂದೊಂದೇ ಜಾತಿ ಸೋತಿತು. ನೂರು ವರ್ಷದ ಹೊತ್ತಿಗೆ, 1980ರಲ್ಲಿ, ಉಳಿದುಕೊಂಡವು ಬಹುಪಾಲು ಮಲ್ಲಿನ್ ಕುಲದವೇ. ಪತಂಗ ಮಲ್ಲಿನ್ ಎಂದು ಹೆಸರಾದ ವರ್ಬಾಸ್ಕಮ್ ಬ್ಲಟ್ಟೇರಿಯದ ಐವತ್ತು ಬೀಜಗಳಲ್ಲಿ ಇಪ್ಪತ್ತೊಂದು ಮೊಳೆತುವು. ದೀವಟಿಗೆಯ ಗಿಡದ ಒಂದು ಬೀಜವೂ ಮೊಳೆಯಿತು. 2000ದಲ್ಲಿ ತೆರೆದ ಸೀಸೆಯಿಂದ ಪತಂಗ ಮಲ್ಲಿನ್ನಿನ ಇಪ್ಪತ್ತಮೂರು ಬೀಜಗಳು ಮೊಳೆತುವು. ಆ ಸಸಿಗಳಿಗೆ ಶೀತಸಂಸ್ಕಾರ ಕೊಟ್ಟು ಬೆಳೆಸಿದಾಗ ಅವು ಹೂಬಿಟ್ಟು, ಮೊಳೆಯಬಲ್ಲ ಹೊಸ ಬೀಜವನ್ನೂ ಕೊಟ್ಟುವು. 

ಮುಂದಿನ ಸೀಸೆಯನ್ನು 2020ರಲ್ಲಿ ತೆಗೆಯಬೇಕಾಗಿತ್ತು. ಕೋವಿಡ್ ಮಹಾಮಾರಿಯಿಂದ ವಿಶ್ವವಿದ್ಯಾನಿಲಯವೇ ಮುಚ್ಚಿದ್ದರಿಂದ ಅದು 2021ರ ಏಪ್ರಿಲ್ ತಿಂಗಳಿಗೆ ಸರಿಯಿತು. ತೆಲೆವ್ಸ್ಕಿಯವರೂ ತಮ್ಮ ಬಳಿಕ ಈ ಕೆಲಸವನ್ನು ನಡೆಸಲೆಂದು ಅವರು ಸೇರಿಸಿಕೊಂಡ ಕಿರಿಯ ಅಧ್ಯಾಪಕರೂ ಬೆಳಕು ಹರಿಯುವ ಮೊದಲೇ ಗುದ್ದಲಿ ಹಿಡಿದು ಹೋದರು. ಮೊಳೆಯಲು ಬೆಳಕನ್ನೇ ಕಾಯುವ ಬೀಜ ಇದು. ಹೊಂಡದಲ್ಲಿಯೇ ಬೆಳಕು ಸೋಂಕಿದರೆ ಇನ್ನೂ ಹೂತಿರುವ ಸೀಸೆಗಳ ಪರೀಕ್ಷೆ ಕೆಡುತ್ತದೆ. ಸಣ್ಣ ದೀಪದ ಬೆಳಕಿನಲ್ಲಿ ಸೀಸೆಯನ್ನು ಹುಡುಕಿ ತೆಗೆದು, ಹೊಂಡವನ್ನು ಮುಚ್ಚಿದರು. ನೂರ ನಲವತ್ತೊಂದು ವರ್ಷ ಕತ್ತಲೆಯಲ್ಲಿದ್ದ ಬೀಜ ಕೆಲವೇ ದಿನಗಳಲ್ಲಿ ಮೊಳಕೆ ತೋರಿತು. ಬಂದ ಸಸಿಗಳೆಲ್ಲ ಪತಂಗ ಮಲ್ಲಿನ್. ಒಂದು ಮಾತ್ರ ಅನುಮಾನಕ್ಕೆಡೆಯಾಯಿತು. ವಂಶವಾಹಿಯ ಪರೀಕ್ಷೆ ಮಾಡಿದಾಗ ಅದು ಪತಂಗ ಮಲ್ಲಿನ್ನಿಗೂ ದೀವಟಿಗೆಯ ಗಿಡಕ್ಕೂ ಹುಟ್ಟಿದ ಮಿಶ್ರತಳಿಯೆಂದು ತಿಳಿಯಿತು. ಬೀಲ್ ಅವರು ಬೀಜ ಕೂಡಿಸಿದ ಕಾಲದಲ್ಲಿಯೇ ಮಿಷಿಗನ್ನಿನ ಯಾವುದೋ ಬಯಲಿನಲ್ಲಿ ಆ ಎರಡು ಗಿಡಗಳು ಒಂದನ್ನೊಂದು ಸಮೀಪಿಸಿದ್ದುವು.

ನಾಲ್ಕು ಸೀಸೆಗಳು ಇನ್ನೂ ನೆಲದೊಳಗಿವೆ. ಅವನ್ನು ತೆಗೆಯಬೇಕಾದ ವರ್ಷಗಳು 2040, 2060, 2080 ಮತ್ತು 2100. ನಕ್ಷೆ ಈಗ ಕಿರಿಯ ಅಧ್ಯಾಪಕರ ಕೈಯಲ್ಲಿದೆ.